ಜ್ವರಕ್ಕೆ ಕೂತ ಕೋಶಗಳು

ಯಾವುದೇ ಪದವಾಗಲಿ, ಪ್ರಯೋಗಾಲಯದ ನಾಲ್ಕು ಗೋಡೆಗಳೊಳಗೆ ಇರುವವರೆಗೆ ಮರ್ಯಾದೆಯಿಂದ ಬಾಳುತ್ತದೆ. ಹೊರಗೆ ಬಂದು ಮಂತ್ರಿಗಳ ಬಾಯಿಗೆ ಬಿತ್ತೋ, ಮುಗಿಯಿತು ಅದರ ಕಥೆ. ‘ಸೆನೆಸೆಂಟ್’ ಎಂಬ ಪದಕ್ಕೆ ಬಂದ ಗತಿಯೂ ಅದೇ.

ಅದರ ಅರ್ಥ ಬಹಳ ಸರಳ. ನಮ್ಮ ಮೈಯ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತವೆ. ಕೆಲವು ಕೋಶಗಳು ಒಂದು ಹಂತಕ್ಕೆ ಬಂದು ಇನ್ನು ಸಾಕೆಂದು ನಿಂತುಬಿಡುತ್ತವೆ. ಸಾಯುವುದಿಲ್ಲ, ಆದರೆ ಮತ್ತೆಂದೂ ಒಡೆಯುವುದೂ ಇಲ್ಲ. ಅಂಥ ಕೋಶವನ್ನು ಸೆನೆಸೆಂಟ್ ಎನ್ನುತ್ತಾರೆ. ಒಂದು ಬಗೆಯ ಬಣ್ಣ ಹಾಕಿದರೆ ಅದು ನೀಲಿಯಾಗಿ ಕಾಣುತ್ತದೆ. ರಾಜ್ಯ ಕೋಶಮಾಪನ ಕೇಂದ್ರದ ಹಿರಿಯ ತಂತ್ರಜ್ಞೆ ದೇವೀರಮ್ಮ ಇಪ್ಪತ್ತಾರು ವರ್ಷ ಇಂಥ ಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಸಾಕಿದ್ದಳು. ಅವುಗಳಿಗೆ ಮೇವು ಹಾಕುವುದು, ನೀರು ಬದಲಾಯಿಸುವುದು, ಲೆಕ್ಕ ಬರೆಯುವುದು ಅವಳ ಕೆಲಸ. ಆ ಕಾಲದಲ್ಲಿ ಆ ಪದವನ್ನು ಬಳಸುತ್ತಿದ್ದವರು ರಾಜ್ಯದಲ್ಲಿ ಇನ್ನೂರು ಜನ ಇದ್ದಿರಬಹುದು.

ಆಮೇಲೆ ಅದೇ ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಮಕರಂದ ಮೂರ್ತಿಯವರು ‘ವಯೋದರ್ಶಿ’ ಎಂಬ ಯಂತ್ರವನ್ನು ಲೋಕಾರ್ಪಣೆ ಮಾಡಿದರು. ಕಂಡುಹಿಡಿದವರು ಕೆಳಗಿನ ಮಹಡಿಯ ಮೂವರು ಹುಡುಗಿಯರು. ನಿರ್ದೇಶಕರು ರಿಬ್ಬನ್ನು ಕತ್ತರಿಸಿದರು. ತೋಳಿನ ಒಳಬದಿಯಿಂದ ಅಕ್ಕಿಕಾಳಿಗಿಂತ ಸಣ್ಣದೊಂದು ಚರ್ಮದ ಚೂರು ತೆಗೆದು ಯಂತ್ರಕ್ಕೆ ಹಾಕಿದರೆ, ಅರ್ಧ ಗಂಟೆಯಲ್ಲಿ ನೂರಕ್ಕೆ ಎಷ್ಟು ಕೋಶ ನೀಲಿ ಎಂಬ ಅಂಕಿ ಪರದೆಯ ಮೇಲೆ ಬರುತ್ತದೆ. ಜನ ಅದನ್ನು ನೀಲಿ ಪೆಟ್ಟಿಗೆ ಎಂದು ಕರೆದರು.

ಎರಡೇ ವರ್ಷ. ಹೆಣ್ಣು ನೋಡಲು ಬಂದವರು ಜಾತಕ ಮಡಿಚಿಟ್ಟು ನೀಲಿ ಅಂಕಿ ಕೇಳತೊಡಗಿದರು. ಸೋಪಿನ ಜಾಹೀರಾತಿನಲ್ಲಿ ನಟಿಯೊಬ್ಬಳು ‘ನಾನು ಶೂನ್ಯ ಸೆನೆಸೆಂಟ್’ ಎಂದು ಕಣ್ಣು ಹೊಡೆದಳು. ವಿಧಾನಸಭೆಯಲ್ಲಿ ಆಳುವವರು ವಿರೋಧ ಪಕ್ಷವನ್ನು ಸೆನೆಸೆಂಟ್ ಎಂದರು, ಅವರು ಇವರನ್ನು ಸೆನೆಸೆಂಟ್ ಸರ್ಕಾರ ಎಂದರು, ಅರ್ಥ ಗೊತ್ತಿದ್ದವರು ಎರಡೂ ಕಡೆ ಒಬ್ಬರೂ ಇರಲಿಲ್ಲ. ಸಿಟಿ ಬಸ್ಸಿನಲ್ಲಿ ನಿಧಾನ ಇಳಿಯುವ ಮುದುಕರನ್ನು ಕಂಡಕ್ಟರು ‘ಬೇಗ ಇಳೀರಿ ಸೆನೆಸೆಂಟು’ ಎಂದು ಗದರುತ್ತಿದ್ದ. ಇದನ್ನೆಲ್ಲ ದೇವೀರಮ್ಮ ಮೂಗು ಮುರಿದು ಸಹಿಸಿಕೊಂಡಳು. ಮೂರ್ಖರು ಆಡುವುದನ್ನೆಲ್ಲ ತಿದ್ದುತ್ತಾ ಕೂತರೆ ತಟ್ಟೆಗಳಿಗೆ ಮೇವು ಹಾಕುವವರು ಯಾರು?

ಆದರೆ ಆಸ್ಪತ್ರೆಗಳಿಗೊಂದು ನಿಯಮ ಬಂತು. ಗಾಯ ಮಾಯಬೇಕಾದರೆ ಕೋಶ ಒಡೆಯಬೇಕು, ನೀಲಿ ಕೋಶ ಒಡೆಯುವುದಿಲ್ಲ, ಆದ್ದರಿಂದ ಅಂಕಿ ಐವತ್ತು ದಾಟಿದವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡತಕ್ಕದ್ದಲ್ಲ. ಬರೆದವರು ಮಕರಂದ ಮೂರ್ತಿಯವರೇ. ಏಳನೆಯ ನಿಯಮ ಇನ್ನೂ ಸೊಗಸಾಗಿತ್ತು: ಸೆನೆಸೆಂಟ್ ಸ್ಥಿತಿ ವ್ಯಾಖ್ಯೆಯ ಪ್ರಕಾರವೇ ಹಿಂದಿರುಗಲಾರದ ಸ್ಥಿತಿಯಾದ್ದರಿಂದ ಒಬ್ಬರಿಗೆ ಒಂದೇ ಪರೀಕ್ಷೆ, ಮರುಪರೀಕ್ಷೆ ಇಲ್ಲ. ಯಂತ್ರದೊಳಗೇ ಅದಕ್ಕೊಂದು ಬೀಗ ಹಾಕಿಸಿದ್ದರು.

ದೇವೀರಮ್ಮನ ತಮ್ಮ ಕೆಂಪರಾಜು ಕೈಯಲ್ಲಿ ಕಾರ್ಡು ಹಿಡಿದುಕೊಂಡು ಆಸ್ಪತ್ರೆಯಿಂದ ಅವಳ ಮನೆಗೆ ಬಂದದ್ದು ಒಂದು ಗುರುವಾರ. ಅವನಿಗೆ ನಲವತ್ತನಾಲ್ಕು ವರ್ಷ. ಮಾಳೆದೊಡ್ಡಿಯಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದ. ಎಂದರೆ ರೇಷ್ಮೆ ಹುಳುವನ್ನು ಮೊಟ್ಟೆಯೊಡೆದ ದಿನದಿಂದ ಎರಡನೆಯ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಕೆಲಸ. ಎದೆಯ ಕವಾಟವೊಂದು ಗಟ್ಟಿಯಾಗಿ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದರೆ ಏದುಸಿರು. ಈ ತಿಂಗಳೊಳಗೆ ಹೊಸ ಕವಾಟ ಹಾಕದಿದ್ದರೆ ಆಮೇಲೆ ಹಾಕಿ ಪ್ರಯೋಜನವಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು.

ಕಾರ್ಡಿನಲ್ಲಿ ಎಪ್ಪತ್ತೊಂದು ಎಂದಿತ್ತು.

“ಎಪ್ಪತ್ತೊಂದು ಪರ್ಸೆಂಟ್ ಮುದ್ಕ ಅಂತೆ ಕಣಕ್ಕ ನಾನು” ಎಂದು ಕೆಂಪರಾಜು ಬಾಗಿಲ ಬಳಿಯೇ ಕುರ್ಚಿ ಎಳೆದುಕೊಂಡು ಕೂತ. “ಚಿಕ್ಕತಾಯಿ ಇಪ್ಪತ್ತು ವರ್ಸದಿಂದ ಹೇಳ್ತಾನೇ ಇದ್ಲು. ಈಗ ಸರ್ಕಾರನೂ ಒಪ್ಕೊಂಡೈತೆ.”

“ಸುಮ್ನಿರಿ ನೀವು” ಎಂದಳು ಅವನ ಹೆಂಡತಿ ಚಿಕ್ಕತಾಯಿ. ಅವಳ ಕಣ್ಣುಗಳು ಅತ್ತು ಊದಿಕೊಂಡಿದ್ದವು. “ಅತ್ಗೆವ್ರೆ, ಆಪ್ರೇಸನ್ ಮಾಡಕಿಲ್ಲ ಅಂದ್ಬುಟ್ರು. ಮನೆಗೆ ಕರ್ಕೊಂಡೋಗಿ ಅಂದ್ರು. ಇವ್ರ ವಯಸ್ಸೇನು, ಅವ್ರು ಆಡೋ ಮಾತೇನು?”

ದೇವೀರಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಪ್ಪತ್ತೊಂದು! ನಲವತ್ತನಾಲ್ಕರ ಮನುಷ್ಯನಿಗೆ! ತೊಂಬತ್ತು ದಾಟಿದ ಅಜ್ಜಿಯರಿಗೂ ಅಷ್ಟು ಬಂದದ್ದನ್ನು ಅವಳು ನೋಡಿರಲಿಲ್ಲ.

“ಊಟ ಏನ್ ಕೊಡ್ತಿದ್ರೋ ಅಲ್ಲಿ?”

“ಎಲ್ಲಿ ಊಟ! ಟೆಸ್ಟ್ ಐತೆ, ಖಾಲಿ ಹೊಟ್ಟೇಲಿರ್ಬೇಕು ಅಂದ್ರು. ಸಾಯಂಕಾಲ ಬಂದು ಇವತ್ತು ಮಿಷಿನ್ ಖಾಲಿ ಇಲ್ಲ, ನಾಳೆ ಅಂದ್ರು. ಒಂದ್ ಲೋಟ ಗಂಜಿ ತಿಳಿ. ಮಾರ್ನೆ ದಿನ ಮತ್ತೆ ಖಾಲಿ ಹೊಟ್ಟೆ. ಹಿಂಗೇ ಒಂಬತ್ತು ದಿನ ಕಣಕ್ಕ. ಒಂಬತ್ತನೇ ದಿನ ನಂಗೂ ಮಿಷಿನ್‌ಗೂ ಮುಹೂರ್ತ ಕೂಡಿಬಂತು.”

ನೀಲಿ ಪೆಟ್ಟಿಗೆಗೆ ಖಾಲಿ ಹೊಟ್ಟೆ ಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ. ದೇವೀರಮ್ಮ ಮಾರನೆಯ ದಿನ ಆಸ್ಪತ್ರೆಗೇ ಹೋಗಿ ಕೇಳಿದಳು. ನರ್ಸಮ್ಮ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಟೆಸ್ಟ್ ಅಂದ್ಮೇಲೆ ಖಾಲಿ ಹೊಟ್ಟೆ ಅಲ್ವೇನಮ್ಮ? ಅಷ್ಟೂ ಗೊತ್ತಿಲ್ವಾ?” ಎಂದಳು. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆ, ಕೊಬ್ಬಿನ ಪರೀಕ್ಷೆಗೆ ಖಾಲಿ ಹೊಟ್ಟೆ, ಹಾಗಾದರೆ ಇದಕ್ಕೂ ಖಾಲಿ ಹೊಟ್ಟೆ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ರಾಜ್ಯದ ಎಲ್ಲ ಆಸ್ಪತ್ರೆಗಳಲ್ಲೂ ರೋಗಿಗಳು ಹಸಿದು ಕೂತಿದ್ದರು.

ಆ ಸಂಜೆ ಕೆಂಪರಾಜು ಹಜಾರದ ಚಾಪೆಯ ಮೇಲೆ ಗೋಡೆಗೊರಗಿ ಕೂತು ತನ್ನ ಹುಳುಗಳ ಚಿಂತೆ ಮಾಡುತ್ತಿದ್ದ. ಊರಲ್ಲಿ ಅವು ಎರಡನೆಯ ಜ್ವರಕ್ಕೆ ಕೂರುವ ಹೊತ್ತು. ಜ್ವರ ಎಂದರೆ ಕಾಯಿಲೆಯಲ್ಲ. ಬೆಳೆಯುವ ಹುಳು ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ಸಾಕುವವರು ಇಟ್ಟ ಹೆಸರು.

“ಹೋದ್ ಬೇಸ್ಗೇಲಿ ಒಬ್ಬ ಹೊಸ ಅಧಿಕಾರಿ ಬಂದಿದ್ದ ಕಣಕ್ಕ” ಎಂದು ಅವನು ನೆನಪಿಸಿಕೊಂಡು ನಕ್ಕ. “ಹುಳ ಜ್ವರಕ್ಕೆ ಕೂತಿದ್ವು. ತಟ್ಟೆ ನೋಡ್ದ. ಇವೇನ್ರೀ ಅಲ್ಲಾಡ್ತಾನೇ ಇಲ್ಲ, ಎಲ್ಲ ರೋಗ ಬಂದು ಹೋಗ್ಬುಟ್ಟವೆ, ತಿಪ್ಪೆಗೆಸೀರಿ ಅಂತ ಬರ್ಕೊಂಡ. ನಾಳೆವರ್ಗೂ ಕಾಯಿ ಸ್ವಾಮಿ ಅಂದೆ. ನಂಗೆ ಟೈಮಿಲ್ಲ ಅಂದ. ಮಾರ್ನೆ ದಿನ ಎದ್ದು ಎರಡು ಮಂಕ್ರಿ ಸೊಪ್ಪು ತಿಂದ್ವು. ಅವನ ಪುಸ್ತಕದಾಗೆ ಇವತ್ಗೂ ಅವು ಸತ್ತೇ ಅವೆ.” ಉಸಿರು ಸಾಲದೆ ನಿಂತು, ಆಮೇಲೆ ಹೇಳಿದ: “ನನ್ನ ಹುಳಾನ ನಿಮ್ಮ ಪೆಟ್ಟಿಗೆಗೆ ಹಾಕಿದ್ರೆ ಅವಕ್ಕೂ ಎಪ್ಪತ್ತೊಂದು ಅಂದಾತು.”

ಸಾರಿಗೆ ಒಗ್ಗರಣೆ ಹಾಕುತ್ತಿದ್ದ ದೇವೀರಮ್ಮ ಸೌಟು ಹಿಡಿದುಕೊಂಡೇ ನಿಂತಳು.

ತಟ್ಟೆಯ ಕೋಶಗಳಿಗೆ ಮೇವು ಕಡಿಮೆಯಾದರೆ ಅವೂ ಒಡೆಯುವುದನ್ನು ನಿಲ್ಲಿಸುತ್ತವೆ. ಅದು ಮುಪ್ಪಲ್ಲ, ಬರೀ ವಿಶ್ರಾಂತಿ. ಮೇವು ಹಾಕಿದರೆ ಏಳುತ್ತವೆ. ಆದರೆ ಹಸಿದು ಮಲಗಿದ ಕೋಶವೂ ಆ ಬಣ್ಣವನ್ನು ಹಿಡಿಯುತ್ತದೆ. ನೀಲಿ ಅದಕ್ಕೂ ಇದಕ್ಕೂ ಒಂದೇ. ಆದ್ದರಿಂದ ದೇವೀರಮ್ಮ ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯ ತಂತ್ರಜ್ಞರು ಅವಳಿಗೊಂದು ಪದ್ಧತಿ ಕಲಿಸಿದ್ದರು: ಯಾವ ತಟ್ಟೆಯನ್ನೂ ಸೆನೆಸೆಂಟ್ ಎಂದು ಬರೆಯುವ ಮುಂಚೆ ಐದು ದಿನ ಚೆನ್ನಾಗಿ ಉಣಿಸಿ ಕಾಯಬೇಕು. ಎದ್ದರೆ ವಿಶ್ರಾಂತ, ಏಳದಿದ್ದರೆ ಸೆನೆಸೆಂಟ್. ಇಪ್ಪತ್ತಾರು ವರ್ಷ ಒಂದು ತಟ್ಟೆಗೂ ಅವಳು ಇದನ್ನು ತಪ್ಪಿಸಿರಲಿಲ್ಲ. ಗಾಜಿನ ತಟ್ಟೆಗೆ ತೋರಿಸಿದ ಕಾಳಜಿಯನ್ನು ಮನುಷ್ಯರಿಗೆ ತೋರಿಸಬೇಕೆಂದು ಈ ಎರಡು ವರ್ಷ ತನಗೇ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ನಿರ್ದೇಶಕರನ್ನು ಮೂರ್ಖ ಎಂದುಕೊಳ್ಳುವುದು ಸುಲಭವಾಗಿತ್ತು. ನಿತ್ಯ ಆ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಮಜ್ಜಿಗೆ ಕುಡಿದವಳು ಅವಳು.

ಪರೀಕ್ಷೆಗೆ ಬಂದ ಪ್ರತಿಯೊಂದು ಚೂರಿನ ಅರ್ಧವನ್ನು ಆಸ್ಪತ್ರೆಗಳಿಂದ ತರಿಸಿ ಕೇಂದ್ರದ ತಣ್ಣನೆಯ ಪೆಟ್ಟಿಗೆಯಲ್ಲಿ ಒಂದು ವಾರ ಎತ್ತಿಡುವ ಪದ್ಧತಿಯಿತ್ತು. ಕೆಂಪರಾಜುವಿನ ಅರ್ಧವನ್ನು ಅವಳು ಹುಡುಕಿ ತೆಗೆದು, ತಟ್ಟೆಗೆ ಹಾಕಿ, ಧಾರಾಳವಾಗಿ ಮೇವು ಕೊಟ್ಟಳು. ಮನೆಯಲ್ಲಿ ಚಿಕ್ಕತಾಯಿ ಅವನಿಗೆ ಉಣಿಸಿದಳು. ಒಮ್ಮೆಗೆ ಪೂರ್ತಿ ಮುದ್ದೆ ನುಂಗಲಾರ. ಗಂಟೆಗೊಂದು ಸಲ ನಿಂಬೆ ಗಾತ್ರದ ಮುದ್ದೆ, ಅವರೆಕಾಳಿನ ಸಾರು, ಮೊಟ್ಟೆ, ಬಾಳೆಹಣ್ಣು.

“ನಾನೇನ್ ಮನ್ಸನೋ, ಹಬ್ಬದ ಹೋತನೋ?” ಎನ್ನುತ್ತಿದ್ದ ಅವನು. ಆದರೂ ತಿನ್ನುತ್ತಿದ್ದ.

ಐದನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚೂರಿನ ಅಂಚಿನಿಂದ ಕೋಶಗಳು ತೆವಳಿಕೊಂಡು ಹೊರಬಂದು ಎಲ್ಲೆಡೆ ಒಡೆಯುತ್ತಿದ್ದವು. ಬಣ್ಣ ಹಾಕಿ ಎಣಿಸಿದಳು. ನೂರಕ್ಕೆ ಹದಿನಾರು ನೀಲಿ. ಅವಳು ಕೂತಲ್ಲೇ ಅತ್ತುಬಿಟ್ಟಳು. ಆಮೇಲೆ ಮುಖ ತೊಳೆದುಕೊಂಡು, ತಟ್ಟೆ ಹಿಡಿದುಕೊಂಡು ಮೇಲಿನ ಮಹಡಿಗೆ ಹೋದಳು.

ಮಕರಂದ ಮೂರ್ತಿಯವರು ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದರು. ವಯೋದರ್ಶಿಯ ಎರಡನೆಯ ವಾರ್ಷಿಕೋತ್ಸವಕ್ಕೆ ಹತ್ತು ದಿನವಿತ್ತು. ಮಂತ್ರಿಗಳು ಬರುವವರಿದ್ದರು, ದೊಡ್ಡ ಪರದೆಯ ಮೇಲೆ ನಿರ್ದೇಶಕರು ತಮ್ಮದೇ ನೀಲಿ ಅಂಕಿಯನ್ನು ತೋರಿಸುವವರಿದ್ದರು. ಕೇಂದ್ರದ ಪುಸ್ತಿಕೆಯ ಮೊದಲ ಪುಟದಲ್ಲಿ ಅವರ ಫೋಟೋದ ಕೆಳಗೆ ‘ವಯಸ್ಸು ೫೮, ನೀಲಿ ಅಂಕಿ ೧೨’ ಎಂದಿತ್ತು. ಆ ಹನ್ನೆರಡು ಅಚ್ಚುಕೂಟದಲ್ಲಿ ಹುಟ್ಟಿದ್ದು. ಅವರು ಒಮ್ಮೆಯೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಹಳೆಯ ಸೂಟು ಮೈಗೆ ಹಿಡಿಸಲೆಂದು ಕೆಲವು ದಿನಗಳಿಂದ ಊಟ ಬಿಟ್ಟು ಹಸಿರು ರಸ ಕುಡಿಯುತ್ತಿದ್ದರು. ಮೇಜಿನ ಮೇಲೆ ಅದರ ಲೋಟವಿತ್ತು.

“ಹೇಳಿ ಮಿಸ್ ಡೇವಿ” ಎಂದರು. ದೇವೀರಮ್ಮ ಎಂಬ ಹೆಸರು ತಮ್ಮ ಕೇಂದ್ರದ ಘನತೆಗೆ ಒಪ್ಪುವುದಿಲ್ಲವೆಂದು ಅವರೇ ಮಾಡಿಕೊಂಡ ಸುಧಾರಣೆ ಅದು.

ಅವಳು ಎಲ್ಲವನ್ನೂ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಅದು ಯೋಚನೆಯೋ ನಿದ್ದೆಯೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

“ಸೆನೆಸೆಂಟ್ ಅಂದ್ರೆ ಏನು? ಡೆಫಿನಿಷನ್ ಹೇಳಿ.”

“ಮತ್ತೆ ಒಡೆಯದ ಕೋಶ ಸಾರ್.”

“ಗುಡ್. ನಿಮ್ಮ ತಟ್ಟೇಲಿ ಒಡೀತಿದೆ ಅಂತೀರಿ.”

“ಹೌದು ಸಾರ್. ಅಂದ್ರೆ ಅವು ಸೆನೆಸೆಂಟ್ ಅಲ್ಲ, ಹಸಿದು ಮಲಗಿದ್ವು. ಅದನ್ನೇ ಹೇಳೋಕೆ ಬಂದೆ.”

“ಆದ್ರೆ ಮಷೀನು ಸೆನೆಸೆಂಟ್ ಅಂದಿದೆ. ಸೆನೆಸೆಂಟ್ ಕೋಶ ಒಡೆಯಲ್ಲ, ನೀವೇ ಹೇಳಿದ್ರಿ. ಆದ್ದರಿಂದ ನಿಮ್ಮ ತಟ್ಟೇಲಿ ಒಡೀತಿರೋದು ಬೇರೆ ಯಾರದೋ ಕೋಶ. ಮಾದರಿ ಅದಲುಬದಲಾಗಿದೆ. ಇದು ನಿಮ್ಮ ಕೇರ್‌ಲೆಸ್‌ನೆಸ್.” ಅವರು ರಸದ ಲೋಟ ಎತ್ತಿಕೊಂಡರು. “ತಮ್ಮ ಅಂತೀರಿ, ಪಾಪ. ಆದ್ರೆ ಸೈನ್ಸ್‌ನಲ್ಲಿ ತಮ್ಮ ಅಣ್ಣ ಇರಲ್ಲ.”

“ಇನ್ನೊಂದ್ಸಲ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತಲ್ಲ ಸಾರ್.”

“ಹಿಂದಿರುಗಲಾರದ್ದನ್ನ ಇನ್ನೊಂದ್ಸಲ ಯಾಕೆ ನೋಡಬೇಕು?” ಎಂದು ಅವರು ನಿಜಕ್ಕೂ ಆಶ್ಚರ್ಯಪಟ್ಟು ಕೇಳಿದರು.

ಸುಳ್ಳು ಹೇಳುವವನನ್ನು ದೇವೀರಮ್ಮ ಸಹಿಸಿಕೊಳ್ಳಬಲ್ಲಳು. ಅವನಿಗೆ ನಿಜವೇನೆಂದು ಗೊತ್ತಿರುತ್ತದೆ. ಈ ಮನುಷ್ಯನಿಗೆ ಪದವೊಂದೇ ಗೊತ್ತು. ಆ ಪದ ಹುಟ್ಟಿದ್ದೇ ಉಣಿಸಿ, ಕಾದು, ನೋಡಿದವರ ಕೈಯಲ್ಲಿ ಎಂಬುದು ಇವನಿಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ. ಅವಳು ಕೆಳಗಿಳಿದಳು. ಆ ಮಧ್ಯಾಹ್ನ ಕೆಂಪರಾಜುವನ್ನು ಆಟೋದಲ್ಲಿ ಕರೆತಂದು, ಹೊಸದಾಗಿ ಚೂರು ತೆಗೆದು ಯಂತ್ರಕ್ಕೆ ಹಾಕಿಯೂ ನೋಡಿದಳು. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ‘ಈ ವ್ಯಕ್ತಿಯ ಪರೀಕ್ಷೆ ಮುಗಿದಿದೆ. ನಿಯಮ ಏಳು.’

“ಏನಂತಕ್ಕ ಅದು?” ಎಂದ ಕೆಂಪರಾಜು.

“ನಿಂದು ಮುಗೀತಂತೆ ಕಣೋ.”

“ಅಧಿಕಾರಿ ಪುಸ್ತಕದ ಹುಳ ಆದೆ ಬಿಡು” ಎಂದು ಅವನು ನಗಲು ನೋಡಿದ, ಕೆಮ್ಮು ಬಂತು. ಆಟೋವರೆಗೆ ಅವನನ್ನು ಇಬ್ಬರು ಹಿಡಿದುಕೊಂಡು ಹೋಗಬೇಕಾಯಿತು. ಡಾಕ್ಟರು ಹೇಳಿದ ತಿಂಗಳಿನಲ್ಲಿ ಹದಿಮೂರು ದಿನ ಉಳಿದಿತ್ತು.

ಸೋಮವಾರ ಬೆಳಿಗ್ಗೆ ವಾರ್ಷಿಕೋತ್ಸವದ ತಾಲೀಮು. ಮುಂದಿನ ಸೋಮವಾರವೇ ಸಮಾರಂಭ. ಮಕರಂದ ಮೂರ್ತಿಯವರು ಸೂಟು ಹಾಕಿಕೊಂಡು ಬಂದು ತೋಳು ಚಾಚಿ ಕೂತರು. ರಸದ ವ್ರತಕ್ಕೆ ಅದು ಹನ್ನೊಂದನೆಯ ದಿನ. ಸೂಟು ಹಿಡಿಸಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ದೇವೀರಮ್ಮ ಚೂರು ತೆಗೆದಳು. ಅರ್ಧ ಗಂಟೆ ಅವರು ಅವಳಿಗೆ ಕೋಶವಿಜ್ಞಾನ ಬೋಧಿಸಿದರು. ಆಮೇಲೆ ಪರದೆಯ ಮೇಲೆ ಅಂಕಿ ಬಂತು.

ಎಂಬತ್ತೊಂದು.

ಕೋಣೆಯಲ್ಲಿದ್ದವರು ಇಬ್ಬರೇ. ಅವರು ಪರದೆಯನ್ನು ನೋಡಿದರು, ಅವಳನ್ನು ನೋಡಿದರು, ಎದ್ದುಹೋಗಿ ಬಾಗಿಲ ಚಿಲಕ ಹಾಕಿದರು.

“ಮಷೀನ್ ಕೆಟ್ಟಿದೆ.”

“ಬೆಳಿಗ್ಗೆ ನಾನೇ ಸರಿ ನೋಡಿದೀನಿ ಸಾರ್.”

“ಹಾಗಾದ್ರೆ ಮಾದರಿ ಅದಲುಬದಲಾಗಿದೆ.”

“ಕೋಣೇಲಿ ನೀವೊಬ್ರೇ ಇದೀರಿ ಸಾರ್. ಯಾರ ಜೊತೆ ಅದಲುಬದಲಾಗುತ್ತೆ?”

ಅವರು ಕುರ್ಚಿಯಲ್ಲಿ ಕುಸಿದರು. ಕಾಲರಿನ ಮೇಲೆ ಬೆವರು ಇಳಿಯಿತು. ಸಾವಿರಾರು ಜನರ ಕೈಗೆ ಇಂಥ ಕಾರ್ಡು ಕೊಟ್ಟು ಮನೆಗೆ ಕಳಿಸಿದ ಮನುಷ್ಯ ತನ್ನ ಅಂಕಿ ಕಾಣದಂತೆ ಕುರ್ಚಿಯನ್ನು ಆಚೆ ತಿರುಗಿಸಿಕೊಂಡ. ದೇವೀರಮ್ಮನಿಗೆ ಕನಿಕರ ಹುಟ್ಟಲಿಲ್ಲ. ಹುಟ್ಟುತ್ತದೇನೋ ಎಂದು ಒಂದು ಕ್ಷಣ ಕಾದು ನೋಡಿದಳು ಕೂಡ.

“ಸಾರ್, ನೀವು ಹನ್ನೊಂದು ದಿನದಿಂದ ಊಟ ಬಿಟ್ಟಿದೀರಿ. ಹಸಿದ ಕೋಶ ವಿಶ್ರಾಂತಿಗೆ ಹೋಗುತ್ತೆ, ನೀಲಿ ಹಿಡಿಯುತ್ತೆ. ಐದು ದಿನ ಚೆನ್ನಾಗಿ ಊಟ ಮಾಡಿ ಮತ್ತೆ ನೋಡಿದ್ರೆ ನಿಜವಾದ ಅಂಕಿ ಬರುತ್ತೆ.”

“ಅಫ್‌ಕೋರ್ಸ್!” ಅವರ ಮುಖದಲ್ಲಿ ಮತ್ತೆ ರಕ್ತ ಹರಿಯಿತು. “ವಿಶ್ರಾಂತ ಕೋಶ! ನಾನು ಯಾವಾಗ್ಲೂ ಅದನ್ನೇ ಹೇಳ್ತಿದ್ದೆ. ಶನಿವಾರ ಮತ್ತೆ ಮಾಡೋಣ.”

“ಆಗಲ್ಲ ಸಾರ್. ನಿಯಮ ಏಳು.”

“ನನಗೊಬ್ಬನಿಗೆ ಬೀಗ ತೆಗೀರಿ.”

“ಬೀಗ ಒಂದೇ ಸಾರ್, ನೀವೇ ಹಾಗೆ ಮಾಡ್ಸಿದ್ದು. ತೆಗೆದ್ರೆ ಎಲ್ಲರಿಗೂ ತೆಗೀಬೇಕು. ಅದಕ್ಕೆ ನಿಮ್ಮ ಸಹಿ ಇರೋ ಸುತ್ತೋಲೆ ಬೇಕು: ಐವತ್ತು ದಾಟಿದ ಯಾರೇ ಆಗ್ಲಿ, ಐದು ದಿನ ಹೊಟ್ಟೆ ತುಂಬ ಊಟ ಮಾಡಿ ಬಂದ್ರೆ ಮರುಪರೀಕ್ಷೆ ಮಾಡಬೇಕು, ಹೊಸ ಅಂಕಿಯೇ ಮಾನ್ಯ, ಯಾರನ್ನೂ ಖಾಲಿ ಹೊಟ್ಟೇಲಿ ಪರೀಕ್ಷೆ ಮಾಡಬಾರದು.”

“ಎಲ್ಲರಿಗೂ ಯಾಕ್ರೀ?” ಎಂದು ಅವರು ಗೊಣಗಿದರು. ಪರದೆಯ ಮೇಲಿನ ಎಂಬತ್ತೊಂದೇ ಉತ್ತರ ಕೊಡುತ್ತಿತ್ತು. ಅವಳು ಸುತ್ತೋಲೆಯನ್ನು ಅಲ್ಲೇ ಬೆರಳಚ್ಚು ಮಾಡಿದಳು, ಅವರು ಓದದೆ ಸಹಿ ಹಾಕಿದರು. ಓದುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಕೆಂಪರಾಜುವಿನ ಮರುಪರೀಕ್ಷೆ. ಅಂಕಿ ಹದಿನೆಂಟು. ಕಾರ್ಡು ನೋಡಿ ಆಸ್ಪತ್ರೆಯ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು, ಶನಿವಾರದ ಪಟ್ಟಿಗೆ ಹೆಸರು ಬರೆದರು. ಸುದ್ದಿ ಹರಡಿತು. ಗುರುವಾರದ ಹೊತ್ತಿಗೆ, ಆಸ್ಪತ್ರೆಯಿಂದ ಹಿಂದೆ ಕಳಿಸಿದ ದಿನದಿಂದ ಮನೆಯಲ್ಲಿ ಉಂಡುಕೊಂಡಿದ್ದ ಜನ ಕೇಂದ್ರದ ಮುಂದೆ ಸಾಲುಗಟ್ಟಿದರು. ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದು, ಸಾಲಿನಲ್ಲೇ ಕೂತು ಚಿತ್ರಾನ್ನ ತಿಂದು, ಕೈತೊಳೆದು ತೋಳು ಚಾಚಿದರು. ನೀಲಿ ಅಂಕಿಗಳು ಒಂದೊಂದಾಗಿ ಇಳಿದವು. ಕೆಲವರದು ಇಳಿಯಲಿಲ್ಲ. ಅವರನ್ನು ಏನು ಮಾಡಬೇಕೆಂಬ ಪ್ರಶ್ನೆ ಹಾಗೇ ಇತ್ತು, ಆದರೆ ಅವರಿಗೆ ಕನಿಷ್ಠ ಊಟವಾಗಿತ್ತು. ಸೋಮವಾರದಿಂದಲೇ ನಿರ್ದೇಶಕರು ಮೇಲಿನ ಮಹಡಿಯಲ್ಲಿ ಹೋಳಿಗೆ, ಬಿರಿಯಾನಿ, ಬಾದಾಮಿ ಹಾಲು ಎಂದು ಹೊತ್ತು ಗೊತ್ತಿಲ್ಲದೆ ತಿನ್ನುತ್ತಿದ್ದರು. ಸೂಟು ಮತ್ತೆ ಬಿಗಿಯಾಯಿತು.

ಶನಿವಾರ ಒಂಬತ್ತಕ್ಕೆ ಕೆಂಪರಾಜುವನ್ನು ಒಳಗೆ ಕರೆದೊಯ್ಯಬೇಕಿತ್ತು. ತಡವಾಯಿತು. ಅವನಿಗಿಂತ ಮುಂಚಿನವರೊಬ್ಬರದು ಮುಗಿದಿರಲಿಲ್ಲ. ಹತ್ತಕ್ಕೆ ಚಿಕ್ಕತಾಯಿ ಫೋನ್ ಮಾಡಿ, “ಇನ್ನೂ ಬಾಗ್ಲಲ್ಲೇ ಮಲಗ್ಸವ್ರೆ ಕಣತ್ಗೆ” ಎಂದಳು. ಅದೇ ಹೊತ್ತಿಗೆ ಮಕರಂದ ಮೂರ್ತಿಯವರು ಅಂಗಿಯ ತೋಳು ಮಡಿಚಿಕೊಂಡು ಬಂದು ಕೂತರು.

ಹತ್ತೂ ಮುಕ್ಕಾಲಿಗೆ ಅಂಕಿ ಬಂತು. ದೇವೀರಮ್ಮ ನೋಡಿದಳು. ಎಪ್ಪತ್ತೆಂಟು.

ಐದು ದಿನದ ಹೋಳಿಗೆಗೆ ಇಳಿದದ್ದು ಮೂರೇ ಅಂಕಿ. ಉಣಿಸಿದರೂ ಏಳಲಿಲ್ಲ. ಇವು ಜ್ವರಕ್ಕೆ ಕೂತ ಕೋಶಗಳಲ್ಲ. ಇಷ್ಟು ವರ್ಷ ಅವರು ಎಲ್ಲರ ಮೇಲೆ ಎಸೆದ ಪದ, ಅದರ ಸರಿಯಾದ, ಶುದ್ಧವಾದ, ಪುಸ್ತಕದ ಅರ್ಥದಲ್ಲಿ, ಈ ರಾಜ್ಯದಲ್ಲಿ ಯಾರಿಗಾದರೂ ಒಪ್ಪುವುದಾದರೆ ಇವರಿಗೆ.

ಅವಳು ಯಂತ್ರದ ಮೇಲೆ ಬಟ್ಟೆ ಎಳೆದಳು. ಈ ಮನುಷ್ಯ ಹೆದರಿಕೆಯಲ್ಲಿ ಏನು ಮಾಡಿಯಾನೆಂದು ಹೇಳುವಂತಿಲ್ಲ. ಸುತ್ತೋಲೆ ರದ್ದು ಎಂದು ಒಂದು ಫೋನ್ ಮಾಡಿದರೆ ಸಾಕು, ಬಾಗಿಲಲ್ಲಿ ಮಲಗಿಸಿದ ತಮ್ಮನನ್ನು ಹಾಗೇ ಹಿಂದಕ್ಕೆ ತಳ್ಳಿಕೊಂಡು ಬರುತ್ತಾರೆ.

“ಏನಾಯ್ತು?”

“ಬಣ್ಣ ನಿಧಾನಕ್ಕೆ ಹಿಡೀತಿದೆ ಸಾರ್.”

“ಯಾಕೆ?”

“ಒಳ್ಳೇ ಕೋಶ ಹಾಗೇ ಸಾರ್. ಅಷ್ಟು ಸುಲಭಕ್ಕೆ ಬಣ್ಣ ಕುಡಿಯಲ್ಲ.”

ಅವರಿಗೆ ಸಂತೋಷವಾಯಿತು. ವಾರ್ಷಿಕೋತ್ಸವದಲ್ಲಿ ಹೇಳಬೇಕಾದ ಮಾತುಗಳನ್ನು ಅವಳ ಮುಂದೆ ಹೇಳಿ ನೋಡಿದರು. ಹಸಿವಿನ ಪರಿಣಾಮವನ್ನು ತಾವು ಕಂಡುಹಿಡಿದದ್ದು ಹೇಗೆ, ಅದಕ್ಕೆ ‘ಮಕರಂದ ಪರಿಣಾಮ’ ಎಂದು ಹೆಸರಿಡುವಂತೆ ಸಹೋದ್ಯೋಗಿಗಳು ಒತ್ತಾಯಿಸಿದ್ದು ಹೇಗೆ. ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ದೇವೀರಮ್ಮ ಫೋನಿನ ಮೇಲಿಂದ ಕಣ್ಣು ತೆಗೆಯದೆ ಹೂಂ ಸಾರ್, ಹೌದು ಸಾರ್ ಎಂದಳು. ಇಷ್ಟು ಹೊತ್ತು ಈ ದನಿಯನ್ನು ಕೇಳಬೇಕಾದ ಸಂಕಟವೂ ತಮ್ಮನ ಲೆಕ್ಕಕ್ಕೇ ಇರಲಿ ಎಂದುಕೊಂಡಳು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫೋನು ಬಂತು.

“ಅತ್ಗೆ, ಒಳಕ್ಕೆ ಕರ್ಕೊಂಡೋಗಿ ಮುಕ್ಕಾಲು ಗಂಟೆ ಆಯ್ತು, ನಂಗೆ ಕೈನೇ ಬರ್ಲಿಲ್ಲ ಫೋನ್ ಮಾಡಕ್ಕೆ. ಎದೆ ಬಿಚ್ಚಾಯ್ತಂತೆ. ನರ್ಸಮ್ಮ ಬಂದು ಹೇಳಿದ್ಲು. ಎಲ್ಲ ಸರಿ ನಡೀತಾ ಐತಂತೆ.”

“ಅಳಬ್ಯಾಡ ಕಣವ್ವ. ಬತ್ತೀನಿ” ಎಂದಳು ದೇವೀರಮ್ಮ. ಅವಳೂ ಅಳುತ್ತಿದ್ದಳು. ಆ ಕವಾಟ ಸರಿಯಾಗಿ ಕೂತದ್ದು, ಎರಡು ತಿಂಗಳಿಗೆ ಕೆಂಪರಾಜು ಮಾಳೆದೊಡ್ಡಿಯಲ್ಲಿ ತನ್ನ ಕೈಯಾರೆ ಹುಳುವಿಗೆ ಸೊಪ್ಪು ಹೆಚ್ಚಿ ಹಾಕಿದ್ದು ಆಮೇಲಿನ ಮಾತು. ಈಗ ಯಾವ ಫೋನೂ ಅವನನ್ನು ಹಿಂದಕ್ಕೆ ತರಲಾರದು, ಅಷ್ಟು ಸಾಕಾಗಿತ್ತು.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಯಂತ್ರದ ಮೇಲಿನ ಬಟ್ಟೆ ತೆಗೆದಳು.

ನಿರ್ದೇಶಕರು ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು. ಎರಡೇ ಅಂಕಿಯನ್ನು ಅಷ್ಟು ಹೊತ್ತು ಓದಿದವರನ್ನು ಅವಳು ನೋಡಿರಲಿಲ್ಲ.

“ಇನ್ನೊಂದು ವಾರ ತಿಂತೀನಿ” ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

ನೀಲಿ ಕೋಶ ಕೆಲಸಕ್ಕೆ ಬಾರದ್ದೇನಲ್ಲ, ಗಾಯವಾದಾಗ ಸುತ್ತಲಿನ ಕೋಶಗಳನ್ನು ಕೂಗಿ ಕರೆಯುವುದರಲ್ಲಿ ಅದರದೂ ಪಾಲಿದೆ, ಎಪ್ಪತ್ತೆಂಟಾದರೂ ಮನುಷ್ಯ ಬದುಕಿರುತ್ತಾನೆ, ಅವನಿಗೂ ಚಿಕಿತ್ಸೆ ಮಾಡಬಹುದು ಎಂದು ಹೇಳಿ ಅವರನ್ನು ಸಮಾಧಾನ ಮಾಡಬಹುದಿತ್ತು. ಅದೆಲ್ಲ ಅವರೇ ಸಹಿ ಹಾಕಿದ ವರದಿಗಳಲ್ಲೇ ಇತ್ತು. ಅವಳ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅವರು ಒಮ್ಮೆಯೂ ಕೇಳಿರಲಿಲ್ಲ, ಅವಳೂ ಹೇಳಲಿಲ್ಲ.

“ಇಲ್ಲ, ಇಲ್ಲ. ಆ ಸುತ್ತೋಲೆ ಈಗ್ಲೇ ವಾಪಸ್ ತಗೋತೀನಿ” ಎಂದು ಅವರು ತಟ್ಟನೆ ಎದ್ದರು. “ಮರುಪರೀಕ್ಷೆ ಅನ್ನೋದೇ ಅವೈಜ್ಞಾನಿಕ!”

ದೇವೀರಮ್ಮ ಚೀಲ ಹೆಗಲಿಗೆ ಹಾಕಿಕೊಂಡಳು.

“ತಗೊಳ್ಳಿ ಸಾರ್. ವಾಪಸ್ ತಗೊಂಡ್ರೆ ನಿಮ್ಮದು ಎಂಬತ್ತೊಂದು, ಇಟ್ಕೊಂಡ್ರೆ ಎಪ್ಪತ್ತೆಂಟು. ಸೋಮವಾರ ದೊಡ್ಡ ಪರದೆ ಮೇಲೆ ಯಾವುದು ಹಾಕ್ಲಿ?”